ಸೋತುಬಂದವನ ವಿದ್ಯಾಲಯ

ಗೆದ್ದವನ ಕೊರಳಿನ ಪದಕಗಳನ್ನು ಎಣಿಸುವವರು ಬಹುಮಂದಿ. ಆತನು ಸೋತು ಮರಳಿದ ದಿನವನ್ನು ನೆನೆಯುವವರು ವಿರಳ. ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜನ ಚರಿತ್ರೆಯಲ್ಲಿ ನಮ್ಮ ತರುಣರು ಮನನಮಾಡಬೇಕಾದುದು ಆ ದಿನವನ್ನೇ.

೧೯೬೮ರ ಮೆಕ್ಸಿಕೋ ಒಲಿಂಪಿಕ್ ಕ್ರೀಡೆಗಳಿಗೆ ಹದಿನೆಂಟರ ಈ ಹುಡುಗನು ಆರು ಸುವರ್ಣಪದಕಗಳನ್ನು ತರುವೆನೆಂದು ಸಾರಿ ಹೊರಟನು. ದೊರೆತವು ಎರಡೇ; ಅವೂ ನಾಲ್ವರು ಕೂಡಿ ಈಜುವ ಸರದಿ ಪಂದ್ಯಗಳವು. ೨೦೦ ಮೀಟರಿನ ಚಿಟ್ಟೆ ಈಜಿನ ಅಂತಿಮ ಪಂದ್ಯದಲ್ಲಂತೂ ಎಂಟು ಮಂದಿಯಲ್ಲಿ ಎಂಟನೆಯವನಾದನು. ಜಂಬವು ನೀರಿನಲ್ಲಿ ಕರಗಿತು.

೧೯೬೯ರಲ್ಲಿ ಆತನು ಇಂಡಿಯಾನಾ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿಯ ಗುರು ಜೇಮ್ಸ್ ಕೌನ್ಸಿಲ್‌ಮನ್; ನೀರಿನೊಳಗಿನಿಂದ ಚಲನಚಿತ್ರ ತೆಗೆದು ಶಿಷ್ಯರ ಕೈಬೀಸನ್ನು ಪರೀಕ್ಷಿಸುತ್ತಿದ್ದ ಶಾಸ್ತ್ರಜ್ಞ. ಅವರ ಕೈಕೆಳಗೆ ನಾಲ್ಕು ವರ್ಷ ಸಾಧನೆ ನಡೆಯಿತು. ಅಖಿಲ ಅಮೆರಿಕ ಕಾಲೇಜು ಪಂದ್ಯಗಳಲ್ಲಿ ಎಂಟು ವೈಯಕ್ತಿಕ ವಿಜಯಗಳು ಲಭಿಸಿದವು. ಆ ನಾಲ್ಕು ವರ್ಷವೂ ತಂಡದ ಪ್ರಶಸ್ತಿಯು ಇಂಡಿಯಾನಾದ ಪಾಲಾಯಿತು.

೧೯೭೨ರಲ್ಲಿ ಮ್ಯೂನಿಕ್ ನಗರದಲ್ಲಿ ಆತನು ಏಳು ಪಂದ್ಯಗಳಿಗೆ ಇಳಿದನು. ಏಳರಲ್ಲಿಯೂ ಸುವರ್ಣ, ಏಳರಲ್ಲಿಯೂ ವಿಶ್ವದಾಖಲೆ! ೨೦೦೮ರಲ್ಲಿ ಮೈಕೇಲ್ ಫೆಲ್ಪ್ಸನು ಎಂಟು ಗೆಲ್ಲುವವರೆಗೆ ಆ ಕೀರ್ತಿಯು ಅಚಲವಾಗಿದ್ದಿತು.

ನಮ್ಮ ಕಾಲೇಜುಗಳ ಆಡಳಿತವರ್ಗದವರು ಇದನ್ನು ಗಮನಿಸಲಿ. ಗೆದ್ದ ವಿದ್ಯಾರ್ಥಿಗೆ ಶಾಲು ಹೊದಿಸುವುದು ಸುಲಭ. ಸೋತುಬಂದವನಿಗೆ ಕೊಳವನ್ನೂ ಗುರುವನ್ನೂ ಕಾಲಾವಕಾಶವನ್ನೂ ಒದಗಿಸುವುದೇ ವಿದ್ಯಾಲಯದ ಧರ್ಮ.