ಮಂಡಿಯುದ್ದದ ತುಂಗೆ, ನೂರು ಕಿಲೋಮೀಟರ್ ಗಾಳಿ

ಮಳೆಗಾಲ ಜೋರಾಗಿದೆಯೋ ಇಲ್ಲವೋ ಎಂದು ತಿಳಿಯಲು ಶಿವಮೊಗ್ಗದವರು ಹವಾಮಾನ ವರದಿ ಕಾಯುವುದಿಲ್ಲ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯೊಳಗೆ ನಿಂತಿರುವ ಕಲ್ಲಿನ ಮಂಟಪ ಮುಳುಗಿತೆ? ಹಾಗಾದರೆ ಹೊಳೆ ತುಂಬಿತು. ಅಂದು ಮಕ್ಕಳುಮರಿ ಕಟ್ಟಿಕೊಂಡು ಜನ ಸೇತುವೆಯ ಮೇಲೆ ಸಾಲುಗಟ್ಟುತ್ತಾರೆ.

ಏಪ್ರಿಲ್‌ನಲ್ಲಿ ಈ ಮಂಟಪದ ಬಹುಭಾಗ ಗಾಳಿಯಲ್ಲಿರುತ್ತದೆ, ಆಷಾಢದ ನೆರೆಯಲ್ಲಿ ನೀರಿನೊಳಗೆ. ಜಾಗ ಅದೇ, ಕಲ್ಲು ಅದೇ. ಆದರೆ ಅದರ ಸುತ್ತಲಿನ ಭಾರ, ಬೆಳಕು, ಬಿಸಿ, ಉಸಿರಿಗೆ ಸಿಗುವ ಆಮ್ಲಜನಕ ಎಲ್ಲವೂ ಬದಲಾಗಿರುತ್ತವೆ. ನೆಲಚರ, ಜಲಚರ ಎಂದು ಪಠ್ಯಪುಸ್ತಕ ಎರಡು ಪಟ್ಟಿ ಮಾಡಿ ಮುಗಿಸುತ್ತದೆ. ಆ ಎರಡು ಲೋಕಗಳ ನಡುವಿನ ಗಡಿಯನ್ನು ಬೇಸಿಗೆ ರಜೆಯಲ್ಲಿ ಮಕ್ಕಳು ಒಂದೇ ಜಿಗಿತದಲ್ಲಿ ದಾಟುತ್ತಾರಲ್ಲ, ತೊಂದರೆ ಇರುವುದು ಅಲ್ಲಿ.

ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಒಂದು ಲೀಟರ್ ನೀರಿನದು ಒಂದು ಕಿಲೋ. ಹೆಚ್ಚುಕಡಿಮೆ 800 ಪಟ್ಟು ವ್ಯತ್ಯಾಸ. ಹರಿಯುವ ಗಾಳಿಯಾಗಲಿ ನೀರಾಗಲಿ, ಅಡ್ಡ ನಿಂತವರನ್ನು ತಳ್ಳುವ ಬಲ ಅದರ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿರುತ್ತದೆ. ಲೆಕ್ಕದ ಮೇಷ್ಟರನ್ನು ಕೇಳಿ, 800ರ ವರ್ಗಮೂಲ ಸುಮಾರು 28. ಅಂದರೆ ನೀರು ತಳ್ಳುವಷ್ಟೇ ಬಲದಿಂದ ತಳ್ಳಬೇಕಾದರೆ ಗಾಳಿ 28 ಪಟ್ಟು ವೇಗವಾಗಿ ಬೀಸಬೇಕು. ಸೆಕೆಂಡಿಗೆ ಒಂದು ಮೀಟರ್ ಎಂದರೆ ಆರಾಮವಾಗಿ ನಡೆಯುವ ವೇಗ. ನೋಡಿದವರಿಗೆ ಹೊಳೆ ಸುಮ್ಮನೆ ಹರಿಯುತ್ತಿದೆ ಅನ್ನಿಸುತ್ತದೆ. ಅದರೊಳಗೆ ಮುಳುಗಿರುವ ಕಾಲುಗಳಿಗೆ ಮಾತ್ರ ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಬಡಿದಂತೆ! ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

ಸಾಲದ್ದಕ್ಕೆ ನೀರು ಮೈಯನ್ನು ಮೇಲಕ್ಕೂ ಎತ್ತುತ್ತದೆ. ಸೊಂಟದವರೆಗೆ ನೀರಿನಲ್ಲಿ ನಿಂತವನ ಪಾದದ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಭಾರವಿಲ್ಲದ ಪಾದಕ್ಕೆ ಹಿಡಿತವೂ ಇಲ್ಲ. ಕೆಳಗೆ ಪಾಚಿ ಕಟ್ಟಿದ ಕಲ್ಲೋ, ಭದ್ರಾ ನಾಲೆಯ ಇಳಿಜಾರಾದ ಸಿಮೆಂಟು ಗೋಡೆಯೋ ಇದ್ದರೆ ಈಜು ಬಲ್ಲವರೂ ಜಾರುತ್ತಾರೆ. ಇದೇ ಎತ್ತುವ ಗುಣ ಸಕ್ರೆಬೈಲಿನ ಆನೆಗಳಿಗೆ ಸುಖ. ಬೆಳಗಿನ ಸ್ನಾನಕ್ಕೆ ತುಂಗೆಯ ಹಿನ್ನೀರಿಗಿಳಿದು ಪಕ್ಕಕ್ಕೆ ಹೊರಳಿ ಮಲಗುವ ಆನೆಯನ್ನು ನೋಡಿ. ನೆಲದ ಮೇಲೆ ಅದರ ಟನ್‌ಗಟ್ಟಲೆ ಭಾರಕ್ಕೆ ಕಂಬಗಳಂಥ ಕಾಲುಗಳೇ ಬೇಕು. ನೀರಿನಲ್ಲಿ ಆ ಭಾರವನ್ನು ಹೊಳೆಯೇ ಹೊರುತ್ತದೆ. ನೀಲಿ ತಿಮಿಂಗಿಲ ನೂರು ಟನ್ ಮೀರಿ ಬೆಳೆದೀತು, ಆನೆ ಅಷ್ಟು ಬೆಳೆಯಲಾರದು.

ಇನ್ನು ಕಣ್ಣಿಗೆ ಆಗುವ ಮೋಸ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುತ್ತದೆ ಎಂಬುದನ್ನು ಮಕ್ಕಳು ಲೋಟದಲ್ಲಿ ಪೆನ್ಸಿಲ್ ಇಟ್ಟು ಕಲಿತಿರುತ್ತಾರೆ. ಹೊಳೆಯ ದಂಡೆಯಲ್ಲಿ ಅದರ ಅರ್ಥ ಬೇರೆ. ನೇರ ಮೇಲಿನಿಂದ ನೋಡಿದರೆ ತಿಳಿನೀರಿನ ಆಳ ಮುಕ್ಕಾಲು ಪಾಲು ಮಾತ್ರ ಕಾಣುತ್ತದೆ. ಆರಡಿಯ ಗುಂಡಿ ನಾಲ್ಕೂವರೆ ಅಡಿಯದಾಗಿ ತೋರುತ್ತದೆ. ಹೈಸ್ಕೂಲು ಹುಡುಗನ ಲೆಕ್ಕದಲ್ಲಿ ಅದು ಎದೆಮಟ್ಟ. ನಿಜದಲ್ಲಿ ತಲೆಯ ಮೇಲೆ. ದಂಡೆಯಿಂದ ಓರೆಯಾಗಿ ನೋಡಿದಷ್ಟೂ ಮೋಸ ಹೆಚ್ಚು.

ಬಿಸಿಯ ವಿಷಯಕ್ಕೆ ಬಂದರೆ ನೀರು ಬಲು ಸೋಮಾರಿ. ಬೇಗ ಕಾಯದು, ಬೇಗ ಆರದು. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಮುಟ್ಟುವ ಶಿವಮೊಗ್ಗದ ಗಾಳಿ ಬೆಳಗಿನ ಜಾವಕ್ಕೆ ಹತ್ತು ಹದಿನೈದು ಡಿಗ್ರಿ ಇಳಿದಿರುತ್ತದೆ. ಆಳವಾದ ಮಡುವಿನ ನೀರಿಗೆ ಈ ಏರಿಳಿತದ ಸುದ್ದಿಯೇ ಸರಿಯಾಗಿ ತಲುಪುವುದಿಲ್ಲ.

ಆದರೆ ನಿಜವಾದ ಬಡತನ ಇರುವುದು ಉಸಿರಿನಲ್ಲಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿದೆ. 20 ಡಿಗ್ರಿಯ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂ ಕರಗಿರುತ್ತದೆ; 30 ಡಿಗ್ರಿಗೆ ಕಾದರೆ ಏಳೂವರೆ. ನಾವು ಒಂದು ಲೀಟರ್ ಗಾಳಿಯಲ್ಲಿ ಒಳಗೆಳೆದುಕೊಳ್ಳುವಷ್ಟು ಆಮ್ಲಜನಕ ಬೇಸಿಗೆಯ ಭದ್ರೆಯಲ್ಲಿ 37 ಲೀಟರ್, ಅಂದರೆ 37 ಕಿಲೋ ನೀರಿನಲ್ಲಿ ಹರಡಿಕೊಂಡಿರುತ್ತದೆ. ಅದಕ್ಕೇ ಮೀನಿನ ಕಿವಿರು ಮಹಾ ಜಿಪುಣ. ರಕ್ತ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹರಿಯುವಂತಿರುವ ಅದರ ರಚನೆ ನೀರಿನಲ್ಲಿರುವ ಆಮ್ಲಜನಕದಲ್ಲಿ ಶೇಕಡಾ 80ರವರೆಗೂ ಹೀರಿಕೊಳ್ಳಬಲ್ಲದು. ನಮ್ಮ ಶ್ವಾಸಕೋಶ ಕಾಲು ಭಾಗ ತೆಗೆದುಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಹಾಗಿದ್ದರೆ ಆಮ್ಲಜನಕ ಧಾರಾಳವಾಗಿರುವ ದಂಡೆಯ ಮೇಲೆ ಮೀನು ಯಾಕೆ ಸಾಯುತ್ತದೆ? ನೀರಿನ ಆಸರೆ ತಪ್ಪಿದೊಡನೆ ಕಿವಿರಿನ ತೆಳು ಎಸಳುಗಳು ಒದ್ದೆ ಪುಸ್ತಕದ ಹಾಳೆಗಳಂತೆ ಒಂದಕ್ಕೊಂದು ಅಂಟಿ, ಒಣಗತೊಡಗುತ್ತವೆ. ಊಟ ಮುಂದಿದ್ದೂ ಬಾಯಿ ಮುಚ್ಚಿಹೋದ ಹಾಗೆ.

ಇಷ್ಟು ತೆಳುವಾದ ಬಂಡವಾಳಕ್ಕೆ ಕೈಹಾಕಿದರೆ ಏನಾದೀತು? ಭದ್ರಾವತಿ ಇದನ್ನು ಕಂಡ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಎರಡಕ್ಕೂ ಭದ್ರೆಯ ನೀರೇ ಆಧಾರ. ಕಾಗದ ತಯಾರಿಕೆಯ ತ್ಯಾಜ್ಯ ನೀರಿನಲ್ಲಿ ಮರದ ಅಂಶ ಹೇರಳ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಕರಗಿರುವ ಆಮ್ಲಜನಕವನ್ನೂ ಮುಗಿಸುತ್ತವೆ. ಹರಿವು ಸೊರಗಿ, ನೀರು ಕಾದು, ಆಮ್ಲಜನಕ ಮೊದಲೇ ಕಡಿಮೆಯಾಗಿರುವ ಬೇಸಿಗೆಯಲ್ಲಿ ಈ ಹೊಡೆತ ದೊಡ್ಡದು. ಕಾಗದದ ಉತ್ಪಾದನೆ 2010ರ ದಶಕದಲ್ಲೇ ನಿಂತಿತು. ಆದರೆ ಬ್ಯಾಕ್ಟೀರಿಯಾಗಳಿಗೆ ಮರದ ತಿರುಳೂ ಒಂದೇ, ಊರಿನ ಚರಂಡಿಯೂ ಒಂದೇ. ಚರಂಡಿ ನೀರು ಹೊಳೆಗೆ ಸೇರುವ ಕಡೆಯಲ್ಲೆಲ್ಲ ಲೆಕ್ಕ ಬದಲಾಗಿಲ್ಲ. ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅವು ಆಟವಾಡುತ್ತಿಲ್ಲ, ಉಸಿರಿಗೆ ಪರದಾಡುತ್ತಿವೆ. ನೇರವಾಗಿ ಗಾಳಿ ನುಂಗಿ ಬದುಕಬಲ್ಲ ಕೊರವದಂಥ ಮೀನು ಹೇಗೋ ತಾಳಿಕೊಳ್ಳುತ್ತದೆ, ಕಾಟ್ಲಾ, ರೋಹುಗಳಿಗೆ ಆ ಅನುಕೂಲವಿಲ್ಲ.

ಈ ವಿಜ್ಞಾನವನ್ನೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ನೋಡಬಹುದು. ಬಿ.ಆರ್. ಪ್ರಾಜೆಕ್ಟ್‌ನಂಥ ಮೀನುಮರಿ ಕೇಂದ್ರಗಳಿಂದ ಊರೂರಿನ ಕೆರೆಗಳಿಗೆ ಮರಿ ಸಾಗಿಸುವಾಗ ಚೀಲದ ಮೂರನೇ ಒಂದು ಪಾಲಿಗೆ ಮಾತ್ರ ನೀರು, ಉಳಿದ ಜಾಗಕ್ಕೆಲ್ಲ ಆಮ್ಲಜನಕ ತುಂಬಿ ಕಟ್ಟುತ್ತಾರೆ. ಪ್ರಯಾಣವೂ ಸಾಮಾನ್ಯವಾಗಿ ತಂಪು ಹೊತ್ತಿನಲ್ಲಿ. ಕೆರೆ ತಲುಪಿದ ತಕ್ಷಣ ಮರಿಗಳನ್ನು ಸುರಿಯುವಂತಿಲ್ಲ. ಕಟ್ಟು ಬಿಚ್ಚದೆ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ಕೆರೆಯಲ್ಲಿ ತೇಲಬಿಡಬೇಕು. ಒಳಗಿನ ನೀರು, ಹೊರಗಿನ ನೀರು ಒಂದೇ ಬಿಸಿಗೆ ಬಂದ ಮೇಲೆ ಚೀಲದ ಬಾಯಿ ಬಿಚ್ಚಿ, ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವೇ ಒಳಬಿಟ್ಟು, ಮರಿಗಳು ತಾವಾಗಿಯೇ ಈಜಿ ಹೊರಬರುವಂತೆ ಮಾಡುತ್ತಾರೆ.