ಸಾಂತ್ವನಕ್ಕೆ ಮಾತೇ ಬೇಕೆ?

ಪಕ್ಕದ ಬೀದಿಯ ಪರಿಚಯದವರೊಬ್ಬರಿಗೆ ವಾಸಿಯಾಗದ ಕಾಯಿಲೆ ಎಂದು ಗೊತ್ತಾಗುತ್ತದೆ. ನೋಡಿಕೊಂಡು ಬರೋಣವೆಂದು ನಾಲ್ಕು ಮೋಸಂಬಿ ಹಿಡಿದು ಹೊರಡುತ್ತೀರಿ. ಒಳಗೆ ಹೋದಮೇಲೆ ಏನು ಮಾತಾಡಬೇಕೋ ತೋಚುವುದಿಲ್ಲ. "ಏನೂ ಆಗಲ್ಲ ಬಿಡಿ" ಎನ್ನುತ್ತೀರಿ. ಇಲ್ಲವೇ, "ದೇವರು ಒಳ್ಳೆಯವರನ್ನೇ ಪರೀಕ್ಷೆ ಮಾಡೋದು ಕಣ್ರೀ" ಎಂದುಬಿಡುತ್ತೀರಿ. ಮಲಗಿದವರು ಗೋಡೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಾರೆ. ಮನೆಗೆ ಬಂದಮೇಲೆ 'ಯಾಕಾದರೂ ಹಾಗಂದೆನೋ' ಎಂಬ ಕೊರಗು. ನಮ್ಮೆಲ್ಲರಿಗೂ ಇದು ಆಗಿರುವುದೇ, ಅಲ್ಲವೇ?

ಬೈಬಲ್ಲಿನಲ್ಲಿ ಯೋಬನ ಕಥೆಯಿದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಅವನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು, ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಬಾಯಿ ತೆರೆದು, ನೀನೇ ಏನೋ ಪಾಪ ಮಾಡಿರಬೇಕೆಂದು ಕಾರಣ ಹುಡುಕತೊಡಗಿದರು. ಕಥೆಯ ಕೊನೆಯಲ್ಲಿ ದೇವರು ಸಿಟ್ಟಾಗುವುದು ಗೋಳಾಡಿದ ಯೋಬನ ಮೇಲಲ್ಲ, ಉಪದೇಶ ಮಾಡಿದ ಗೆಳೆಯರ ಮೇಲೆ!

ಈ ಪಾಠವನ್ನು ಬದುಕಿ ತೋರಿಸಿದ ಹೆಣ್ಣುಮಗಳು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. 1918ರಲ್ಲಿ ಹುಟ್ಟಿದ ಆಕೆ ಯುದ್ಧಕಾಲದಲ್ಲಿ ನರ್ಸ್ ಆದರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು, ಆಸ್ಪತ್ರೆಯಲ್ಲೇ ರೋಗಿಗಳ ಕಷ್ಟಸುಖ ವಿಚಾರಿಸುವ ಕೆಲಸಕ್ಕೆ ಸೇರಿದರು. 1945ರಲ್ಲಿ ಕ್ರೈಸ್ತ ಭಕ್ತಿ ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿತು.

1948ರಲ್ಲಿ ಪೋಲೆಂಡಿನಿಂದ ಬಂದಿದ್ದ ಡೇವಿಡ್ ತಾಸ್ಮಾ ಎಂಬ ಯಹೂದಿ ನಿರಾಶ್ರಿತ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ. ಸಿಸಿಲಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ಒಂದು ದಿನ ಅವನು ಸಮಾಧಾನದ ಮಾತು ಕೇಳಿದ. ಸಿಸಿಲಿ ಬಾಯಿಪಾಠವಿದ್ದ ಕೀರ್ತನೆಯೊಂದನ್ನು ಹೇಳಿದರು. ಇನ್ನಷ್ಟು ಓದಿ ಹೇಳಲೇ ಎಂದಾಗ, ಓದುವುದು ಬೇಡ, ನಿನ್ನ ಮನಸ್ಸಿನಲ್ಲಿ, ಹೃದಯದಲ್ಲಿ ಇರುವುದಷ್ಟೇ ಸಾಕು ಎಂದನಂತೆ. ಸಾಯುವವರಿಗಾಗಿ ಒಂದು ಮನೆ ಕಟ್ಟಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಆ ಮನೆಗೆ ತಾನೊಂದು ಕಿಟಕಿಯಾಗುತ್ತೇನೆಂದು ಹೇಳಿ, 500 ಪೌಂಡು ಬಿಟ್ಟುಹೋದ.

ಹಣ ಸಿಕ್ಕಿತೆಂದು ಮನೆ ಕೂಡಲೇ ಏಳಲಿಲ್ಲ. ಸಿಸಿಲಿ ಮತ್ತೆ ವಿದ್ಯಾರ್ಥಿನಿಯಾಗಿ 1957ರಲ್ಲಿ ಡಾಕ್ಟರಾದರು. ಸನ್ಯಾಸಿನಿಯರು ನಡೆಸುತ್ತಿದ್ದ ಸೇಂಟ್ ಜೋಸೆಫ್ಸ್ ಆರೈಕೆಮನೆಯಲ್ಲಿ ದುಡಿದರು. ರೋಗಿ ನೋವಿನಿಂದ ಚೀರುವವರೆಗೆ ಕಾಯದೆ, ಗಡಿಯಾರ ನೋಡಿ ಮೊದಲೇ ಔಷಧಿ ಕೊಡುವ ಕ್ರಮವನ್ನು ಅಲ್ಲಿ ಬಲಪಡಿಸಿದರು. ನೋವೆಂದರೆ ದೇಹದ್ದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ ಚಿಂತೆಯದು, ಆತ್ಮದ್ದು ಎಲ್ಲವೂ ಸೇರಿದ್ದು ಎಂದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಬಾಗಿಲು ತೆರೆಯಿತು. ಡೇವಿಡ್ಡನ ಕಿಟಕಿಯೂ ಅಲ್ಲಿದೆ. ಪ್ರಾರ್ಥನೆ ಉಂಟು, ಬಲವಂತವಿಲ್ಲ. ಯಾವ ಮತದವರಿಗೂ, ಮತವೇ ಬೇಡವೆಂದವರಿಗೂ ಅಲ್ಲಿ ಹಾಸಿಗೆಯಿದೆ. 2005ರಲ್ಲಿ ಸಿಸಿಲಿ ಕಣ್ಣು ಮುಚ್ಚಿದ್ದೂ ಅದೇ ಮನೆಯಲ್ಲಿ.

ಇದಕ್ಕೆಲ್ಲ ಮೂಲ ಎಲ್ಲಿ? ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಶಿಷ್ಯರನ್ನು ಕೇಳಿದ್ದು ಒಂದೇ: ನನ್ನ ಜೊತೆ ಎಚ್ಚರವಾಗಿರಿ. ವಿವರಣೆ ಕೇಳಲಿಲ್ಲ, ಉಪದೇಶ ಕೇಳಲಿಲ್ಲ. ಸಿಸಿಲಿ ತಮ್ಮ ಕೆಲಸಕ್ಕೆ ಆಧಾರವಾಗಿ ಹಿಡಿದದ್ದು ಆ ಮಾತನ್ನೇ.

ಇಂಥ ಆರೈಕೆ ನಮ್ಮಲ್ಲಿಗೂ ಬಂದಿದೆ. ಮುಂಬಯಿಯ ಬಾಂದ್ರಾದಲ್ಲಿ 1986ರಲ್ಲಿ ಶಾಂತಿ ಆವೇದನಾ ಸದನ, ಬೆಂಗಳೂರಿನಲ್ಲಿ 1999ರಲ್ಲಿ ಕರುಣಾಶ್ರಯ ತೆರೆದವು.

ಆದರೆ ಎಲ್ಲರೂ ಅಲ್ಲಿಗೆ ಹೋಗಲಾರರಲ್ಲ! ಹೆಚ್ಚಿನವರು ಮಲಗಿರುವುದು ನಮ್ಮ ಪಕ್ಕದ ಮನೆಯ ನಡುಮನೆಯಲ್ಲೇ. ಆದ್ದರಿಂದ ಮುಂದಿನ ಸಲ ಹೋದಾಗ ನಿಂತೇ ಮಾತಾಡಿ ಬರಬೇಡಿ, ಹತ್ತಿರ ಕುಳಿತುಕೊಳ್ಳಿ. ಕಾಯಿಲೆಗೆ ಕಾರಣ ಹುಡುಕಬೇಡಿ. ಅವರು ಅತ್ತರೆ "ಅಳಬೇಡಿ" ಎನ್ನದೆ ಕೈ ಹಿಡಿದುಕೊಳ್ಳಿ. ಪ್ರಾರ್ಥನೆ ಮಾಡಬೇಕೆನಿಸಿದರೆ, "ಮಾಡಲಾ?" ಎಂದು ಕೇಳಿ ಮಾಡಿ. ನೋವು ತಡೆಯಲಾರದಂತಿದ್ದರೆ, ಸಹಿಸಿಕೊಳ್ಳಿ ಎನ್ನದೆ ಡಾಕ್ಟರಿಗೆ ಹೇಳಲು ಮನೆಯವರಿಗೆ ಧೈರ್ಯ ಕೊಡಿ. ರಾತ್ರಿಯೆಲ್ಲ ಎದ್ದಿರುವ ಆ ಮನೆಯ ಹೆಂಗಸನ್ನು ಮರೆಯಬೇಡಿ. ಒಂದು ಕ್ಯಾರಿಯರ್ ಅನ್ನ, ಸಾರು ಒಯ್ದು, "ನೀವು ಸ್ವಲ್ಪ ಮಲಗಿ ಏಳಿ, ನಾನು ಕೂತಿರ್ತೀನಿ" ಎನ್ನಿ.

ಆಗ ನಿಮಗೆ ಮಾತು ತೋಚದಿದ್ದರೂ ಚಿಂತೆಯಿಲ್ಲ.