ಲೇತ್‌ಗೆ ಡಿ.ಸಿ. ಮೋಟಾರು: ವೇಗದ ಜೊತೆ ಬಲವೂ ಉಳಿಯಲಿ

ಸಣ್ಣ ಕಾರ್ಯಾಗಾರಗಳಲ್ಲಿ ಲೇತ್ ಯಂತ್ರದ ವೇಗ ಬದಲಿಸಬೇಕೆಂದರೆ ಯಂತ್ರ ನಿಲ್ಲಿಸಿ, ಬೆಲ್ಟ್ ಸಡಿಲಿಸಿ, ಪುಲ್ಲಿಯ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾಟಿಸಬೇಕು. ಈ ತಾಪತ್ರಯಕ್ಕೆ ಬೇಸತ್ತು ಒಂದೇ ವೇಗದಲ್ಲಿ ಎಲ್ಲ ಕೆಲಸ ಮುಗಿಸುವವರುಂಟು. ಆಗ ಟೂಲ್ ಬೇಗನೆ ಮೊಂಡಾಗುತ್ತದೆ, ಇಲ್ಲವೇ ಕೆಲಸ ಒರಟಾಗುತ್ತದೆ. ಗುಂಡಿ ತಿರುವಿದೊಡನೆ ವೇಗ ಬದಲಾಗುವ ಡಿ.ಸಿ. ಮೋಟಾರನ್ನು ಹಳೆಯ ಲೇತ್‌ಗೆ ಅಳವಡಿಸುವ ಆಸೆ ಮೂಡುವುದು ಹೀಗೆ. ಆಸೆ ಸಾಧುವಾದದ್ದೇ. ಆದರೆ ಹೊಸ ಮೋಟಾರು ಬಂತೆಂದು ಹಳೆಯ ಪುಲ್ಲಿಗಳನ್ನು ಕಿತ್ತೆಸೆದರೆ ಪಶ್ಚಾತ್ತಾಪ ಕಟ್ಟಿಟ್ಟ ಬುತ್ತಿ.

ವೇಗ ಏಕೆ ಬದಲಾಗಬೇಕು?

ಹೈಸ್ಪೀಡ್ ಸ್ಟೀಲ್ ಟೂಲಿನಿಂದ ಮೃದು ಉಕ್ಕನ್ನು ಕಡೆಯುವಾಗ ಲೋಹದ ಮೇಲ್ಮೈ ನಿಮಿಷಕ್ಕೆ ಸುಮಾರು 30 ಮೀಟರ್ ವೇಗದಲ್ಲಿ ಟೂಲಿನ ಮೊನೆಯನ್ನು ಹಾಯಬೇಕೆಂಬುದು ರೂಢಿಯ ಲೆಕ್ಕ. 10 ಮಿ.ಮೀ. ವ್ಯಾಸದ ಸರಳಿಗೆ ಇದು ನಿಮಿಷಕ್ಕೆ ಸುಮಾರು 950 ಸುತ್ತು; 100 ಮಿ.ಮೀ. ವ್ಯಾಸಕ್ಕೆ ಕೇವಲ 95. ಅಗಲವಾದ ಬಿಲ್ಲೆಯ ಮುಖವನ್ನು ಸಮಮಾಡುವಾಗ ಟೂಲ್ ಅಂಚಿನಿಂದ ಕೇಂದ್ರದತ್ತ ಸರಿದಂತೆಲ್ಲ ವೇಗವೂ ಏರುತ್ತ ಹೋಗಬೇಕು. ಮೆಟ್ಟಿಲು ಪುಲ್ಲಿಯಿಂದ ಇದು ಆಗದ ಮಾತು.

ಶಾಶ್ವತ ಅಯಸ್ಕಾಂತವಿರುವ ಡಿ.ಸಿ. ಮೋಟಾರಿನ ವೇಗವು ಅದಕ್ಕೆ ದೊರೆಯುವ ವೋಲ್ಟೇಜನ್ನು ಅನುಸರಿಸುತ್ತದೆ. 'ಡ್ರೈವ್' ಎಂಬ ನಿಯಂತ್ರಕವು 230 ವೋಲ್ಟ್‌ನ ಎ.ಸಿ. ವಿದ್ಯುತ್ತನ್ನು ಡಿ.ಸಿ.ಯಾಗಿಸಿ, 180 ವೋಲ್ಟ್ ಮೋಟಾರಿಗೆ ಬೇಕಾದಷ್ಟನ್ನೇ ಉಣಿಸುತ್ತದೆ. ಹೊರೆ ಬಿದ್ದಾಗ ವೇಗ ಕುಸಿಯದಂತೆಯೂ ಅದು ನೋಡಿಕೊಳ್ಳುತ್ತದೆ.

ಬಲದ ಲೆಕ್ಕಾಚಾರ

ಎಡವುವುದು ಇಲ್ಲಿಯೇ. 1500 ಸುತ್ತಿನಲ್ಲಿ ಒಂದು ಅಶ್ವಶಕ್ತಿ, ಅಂದರೆ 746 ವ್ಯಾಟ್ ನೀಡುವ ಮೋಟಾರಿನ ತಿರುಚುಬಲ ಸುಮಾರು 4.75 ನ್ಯೂಟನ್ ಮೀಟರ್. ಗುಂಡಿ ತಿರುವಿ ಅದನ್ನು 150 ಸುತ್ತಿಗೆ ಇಳಿಸಿದರೆ ತಿರುಚುಬಲ ಅಷ್ಟೇ ಇರುತ್ತದೆ. ಶಕ್ತಿ ಮಾತ್ರ 75 ವ್ಯಾಟ್‌ಗೆ ಕುಸಿಯುತ್ತದೆ. ಅದೇ 150 ಸುತ್ತನ್ನು ಪುಲ್ಲಿ ಮತ್ತು ಗೇರುಗಳ ಮೂಲಕ ಪಡೆದರೆ, ಘರ್ಷಣೆಯ ನಷ್ಟ ಕಳೆದು, ತಿರುಚುಬಲ ಹತ್ತಿರ ಹತ್ತಿರ ಹತ್ತುಪಟ್ಟಾಗುತ್ತದೆ. ದಪ್ಪನೆಯ ಉಕ್ಕು ಕಡೆಯಲು ಬೇಕಾದದ್ದು ಈ ಬಲವೇ.

ಅಮೆರಿಕದ ಓಹಾಯೋ ರಾಜ್ಯದ ಮೊನಾರ್ಕ್ ಕಂಪನಿಯ ಪ್ರಸಿದ್ಧ '10 ಇಇ' ಲೇತ್ ಡಿ.ಸಿ. ಮೋಟಾರಿನಿಂದಲೇ ಹೆಸರಾಯಿತು. ಆದರೂ ಕಡಿಮೆ ವೇಗದ ಕೆಲಸಕ್ಕೆಂದು ಅದರಲ್ಲಿ ಗೇರನ್ನು ಉಳಿಸಿಕೊಳ್ಳಲಾಗಿತ್ತು. ಆದ್ದರಿಂದ ಪುಲ್ಲಿ ಮತ್ತು ಬ್ಯಾಕ್ ಗೇರ್ ಇರಲಿ. ಅವುಗಳ ನಡುವಣ ಅಂತರವನ್ನಷ್ಟೇ ಗುಂಡಿ ತುಂಬಲಿ.

ಮೋಟಾರು ಆಯ್ಕೆ

ಹಳೆಯ ಟ್ರೆಡ್‌ಮಿಲ್‌ನ ಮೋಟಾರು ಅಗ್ಗವಾಗಿ ಸಿಗುತ್ತದೆ. ಆದರೆ ಅದರ ಫಲಕದಲ್ಲಿ ಬರೆದ ಅಶ್ವಶಕ್ತಿ ಸಾಮಾನ್ಯವಾಗಿ ಬಹಳ ಹೆಚ್ಚಿನ ವೇಗದ್ದು. ಇಂತಹ ಮೋಟಾರುಗಳ ಮೈ ತೆರೆದಿರುವುದೂ ಉಂಟು. ಕಬ್ಬಿಣದ ಚೂರು ಒಳಹೊಕ್ಕರೆ ಅಯಸ್ಕಾಂತ ಅದನ್ನು ಬಿಡುವುದಿಲ್ಲ. ನಿಧಾನವಾಗಿ ತಿರುಗುವಾಗ ಮೋಟಾರಿನದೇ ಫ್ಯಾನು ಸಾಕಷ್ಟು ಗಾಳಿ ಬೀಸದು. ಆದ್ದರಿಂದ ಪ್ರತ್ಯೇಕ ಫ್ಯಾನು ಮತ್ತು ಚೂರು ತಡೆಯುವ ಮರೆ ಎರಡೂ ಅಗತ್ಯ. ಡ್ರೈವ್‌ನ ಕರೆಂಟ್ ಮಿತಿಯನ್ನು ಮೋಟಾರಿನ ಫಲಕಕ್ಕೆ ಹೊಂದಿಸಬೇಕು.

ಮರೆಯಬಾರದ ಎಚ್ಚರಿಕೆಗಳು

ಚಕ್‌ಗೆ ನಿಗದಿಯಾದ ಗರಿಷ್ಠ ವೇಗವನ್ನು ಮೀರದಂತೆ ಡ್ರೈವ್‌ನಲ್ಲೇ ಮಿತಿ ಹಾಕಬೇಕು. ಮರೆಯಿಂದ ಕೂರಿಸಿದ ಚಕ್ ಇರುವ ಯಂತ್ರವನ್ನು ಥಟ್ಟನೆ ಹಿಮ್ಮುಖವಾಗಿಸಿದರೆ ಚಕ್ ಬಿಚ್ಚಿಕೊಂಡು ಹಾರಬಹುದು. ಅನೇಕ ಅಗ್ಗದ ಡ್ರೈವ್‌ಗಳಲ್ಲಿ ವೇಗದ ಗುಂಡಿಯ ತಂತಿಗಳು ನೇರವಾಗಿ ಮೇನ್ಸ್ ವಿದ್ಯುತ್ತಿನ ಸಂಪರ್ಕದಲ್ಲಿರುತ್ತವೆ. ಕೆಪಾಸಿಟರ್ ಇರುವ ಡ್ರೈವ್‌ನಲ್ಲಿ ಸ್ವಿಚ್ ಆರಿಸಿದ ಮೇಲೂ 300 ವೋಲ್ಟ್‌ಗೂ ಮಿಗಿಲಾದ ಒತ್ತಡ ಕೆಲಕಾಲ ಉಳಿಯಬಹುದು. ಅರ್ಥಿಂಗ್ ಹಾಗೂ ಬಲ್ಲ ಎಲೆಕ್ಟ್ರಿಷಿಯನ್ ಇಲ್ಲದೆ ಇದಕ್ಕೆ ಕೈ ಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯುತ್ ಕಡಿತದ ಸಂಗತಿ. ಕರೆಂಟ್ ಹೋದಾಗ ಕೆಲಸಗಾರ ಚಕ್‌ಗೆ ಕೀಲಿ ಹಾಕಿ ಬಿಗಿಯುತ್ತಿರುತ್ತಾನೆ. ಸಾದಾ ಸ್ವಿಚ್ ಇದ್ದರೆ ಕರೆಂಟ್ ಬಂದಾಕ್ಷಣ ಯಂತ್ರ ತಾನಾಗಿ ತಿರುಗತೊಡಗುತ್ತದೆ. ಹಳೆಯ ಮೋಟಾರಿನೊಂದಿಗೆ ಕಾಂಟ್ಯಾಕ್ಟರ್ ಸ್ಟಾರ್ಟರ್ ಇದ್ದಲ್ಲಿ ಈ ಅಪಾಯವನ್ನು ಅದು ತಡೆಯುತ್ತಿತ್ತು. ಪರಿವರ್ತನೆಯ ಭರದಲ್ಲಿ ಅದನ್ನು ತೆಗೆದುಹಾಕಿದ್ದರೆ, ಹಸಿರು ಗುಂಡಿ ಒತ್ತಿದ ಹೊರತು ಚಲಿಸದಂತಹ ವ್ಯವಸ್ಥೆಯನ್ನು ಡ್ರೈವ್‌ಗೂ ಮುನ್ನ ಜೋಡಿಸಲೇಬೇಕು. ಅದರ ಖರ್ಚು ಅಲ್ಪ, ಉಳಿಯುವುದು ಕೈಬೆರಳು.